ಜೇಡನ ಜಾಡು ಹಿಡಿದು



ನಮ್ಮ ಬಳಗದಲ್ಲಿ ವೈದ್ಯರಿಗೆ ಬರವಿಲ್ಲ, ಎಂಜಿನಿಯರುಗಳಿಗಂತೂ ಇಲ್ಲವೇ ಇಲ್ಲ. ಈ ಇಬ್ಬರೂ ದಿನಬೆಳಗಾದರೆ ‘ಸ್ಪೈಡರ್’ ಎಂಬ ಪದ ಬಳಸುತ್ತಾರೆ. ಆದರೆ ಆಗ ಎಂಟು ಕಾಲಿನ ಆ ಬಡಪ್ರಾಣಿ ಅವರ ಮನಸ್ಸಿನಲ್ಲಿ ಸುಳಿಯುವುದೇ ಅಪರೂಪ. ಚರ್ಮದ ವೈದ್ಯರಿಗೆ ಅದೊಂದು ಕೆಂಪು ಚುಕ್ಕೆ, ಹೃದಯದ ವೈದ್ಯರಿಗೆ ಕ್ಯಾಮೆರಾ ಹಿಡಿಯುವ ಒಂದು ಕೋನ, ಗ್ಯಾರೇಜಿನವರಿಗೆ ಉಕ್ಕಿನ ತುಂಡು, ದೂರದರ್ಶಕದ ಹವ್ಯಾಸಿಗೆ ಕನ್ನಡಿ ಹಿಡಿದು ನಿಲ್ಲಿಸುವ ಕಂಬಿ, ಸಾಫ್ಟ್‌ವೇರಿನವರಿಗೆ ಹಗಲಿರುಳೆನ್ನದೆ ದುಡಿಯುವ ಪ್ರೋಗ್ರಾಮು.

ಇದೆಲ್ಲ ಬರೀ ಪದಗಳ ಆಟವಲ್ಲವೆ ಎಂದು ನೀವು ಕೇಳಬಹುದು. ಅಷ್ಟೇ ಆಗಿದ್ದರೆ ನಾವು ಇಷ್ಟುದ್ದ ಬರೆಯುತ್ತಿರಲಿಲ್ಲ. ಊರಿನಿಂದ ಅಪ್ಪ ಅಮ್ಮನ ಆಸ್ಪತ್ರೆಯ ವರದಿ ವಾಟ್ಸಾಪ್‌ನಲ್ಲಿ ಬರುತ್ತದೆ. ಅದನ್ನು ಓದಿ, ಫೋನಿನಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳುವ ಕೆಲಸ ಕಡಲಾಚೆಯ ಮಗನದೋ ಮಗಳದೋ ಆಗಿರುತ್ತದೆ. ಅನುವಾದ ಯಂತ್ರ ‘ಜೇಡ’ ಎಂದು ಬರೆದುಕೊಟ್ಟಿತೆಂದು ನಾವೂ ಹಾಗೇ ಹೇಳಿಬಿಟ್ಟರೆ, ಅಮ್ಮ ಪೊರಕೆ ಹಿಡಿದು ಅಟ್ಟದ ಮೂಲೆ ಗುಡಿಸಲು ಹೊರಡುತ್ತಾರೆ. ಅಲ್ಲಿ ಹೇಳಬೇಕಾಗಿದ್ದುದು ಲಿವರಿನ ಮಾತೋ ಮಿದುಳಿನ ಮಾತೋ ಆಗಿದ್ದರೆ? ಹಾಗಾಗಿ ಈ ಸಲ ಜೇಡನ ಜಾಡು ಹಿಡಿದು ಸ್ವಲ್ಪ ದೂರ ಹೋಗಿ ಬರೋಣ, ಬನ್ನಿ.

ದಾರಿಯಲ್ಲಿ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದಿದ್ದರೆ ಸಾಕು: ಹೆಸರಿಟ್ಟವನು ಜೇಡನಲ್ಲಿ ಏನನ್ನು ಕಂಡ? ಕಾಲನ್ನೋ, ಬಲೆಯನ್ನೋ, ಅದು ಓಡಾಡುವ ರೀತಿಯನ್ನೋ? ಉತ್ತರ ಸಿಕ್ಕಿದರೆ ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಹೆಸರಿನೊಳಗಿನ ಕಸುಬು

ಇಂಗ್ಲಿಷಿನ ‘ಸ್ಪೈಡರ್’ ಹುಟ್ಟಿದ್ದು ನೂಲುವುದು ಎಂಬ ಅರ್ಥದ ‘ಸ್ಪಿನ್’ ಪದದ ಬುಡದಿಂದ. ಅಂದರೆ ಇಂಗ್ಲಿಷರ ಜೇಡ ನೂಲುವವ. ನಮ್ಮ ಜೇಡ ನೇಯುವವ. ವಚನಕಾರ ಜೇಡರ ದಾಸಿಮಯ್ಯನ ಹೆಸರಿನ ಮುಂದಿರುವ ‘ಜೇಡರ’ ಎಂಬುದು ನೇಕಾರ ಕಸುಬಿನ ಗುರುತು. ಗ್ರೀಕರ ಪುರಾಣದಲ್ಲೂ ಅರಾಕ್ನೆ ಎಂಬ ನೇಯ್ಗೆಯ ಹುಡುಗಿ ದೇವತೆಯೊಡನೆ ಪಂದ್ಯ ಕಟ್ಟಿ ಜೇಡವಾದಳು. ಆ ಗ್ರೀಕ್ ಪದವೇ ವೈದ್ಯಶಾಸ್ತ್ರದ ‘ಅರಾಕ್ನಾಯ್ಡ್’ ಮುಂತಾದ ಉದ್ದ ಹೆಸರುಗಳ ತಲೆಯಲ್ಲಿ ಕೂತಿದೆ. ಸಂಸ್ಕೃತದಲ್ಲಿ ಎರಡು ಪದಗಳಿವೆ. ಒಂದು ‘ಊರ್ಣನಾಭ’, ಹೊಕ್ಕುಳಲ್ಲಿ ಉಣ್ಣೆಯುಳ್ಳದ್ದು. ತನ್ನೊಳಗಿನಿಂದಲೇ ಜಗತ್ತನ್ನು ಹೊರಚೆಲ್ಲಿ ಮತ್ತೆ ಒಳಗೆಳೆದುಕೊಳ್ಳುವ ತತ್ತ್ವಕ್ಕೆ ಮುಂಡಕೋಪನಿಷತ್ತು ಇದನ್ನೇ ಹೋಲಿಕೆಯಾಗಿ ಬಳಸಿದೆ. ಇನ್ನೊಂದು ‘ಲೂತ’. ಅದು ವೈದ್ಯರ ಪದ, ಅದರ ಕತೆ ಮುಂದೆ ಬರುತ್ತದೆ.

ಒಂದು ಎಚ್ಚರಿಕೆಯ ಮಾತು ಇಲ್ಲೇ ಹೇಳಿಬಿಡುತ್ತೇವೆ. ಔಷಧದ ಪುಸ್ತಕಗಳಲ್ಲಿ ‘ಅರಾಕಿಡೋನಿಕ್ ಆಮ್ಲ’ ಎಂಬುದೊಂದು ಬರುತ್ತದೆ. ಹೆಸರು ಕೇಳಿ ಇದೂ ಜೇಡನ ಮನೆಯದೇ ಎಂದುಕೊಳ್ಳಬೇಡಿ. ಅದರ ಹೆಸರು ಬಂದಿರುವುದು ಕಡಲೆಕಾಯಿ ಗಿಡದ ಶಾಸ್ತ್ರೀಯ ಹೆಸರಾದ ‘ಅರಾಕಿಸ್’ನಿಂದ!

ಕಾಲನ್ನು ಕಂಡ ವೈದ್ಯರು

ಮೊದಲು ಚರ್ಮದ ಮೇಲಿನ ಜೇಡ. ‘ಸ್ಪೈಡರ್ ನೀವಸ್’ ಎಂದರೆ ನಡುವೆ ಒಂದು ಸಣ್ಣ ಕೆಂಪು ಚುಕ್ಕೆ, ಅದರ ಸುತ್ತ ಕಾಲುಗಳ ಹಾಗೆ ಚಾಚಿದ ಕೂದಲೆಳೆಯಂಥ ರಕ್ತನಾಳಗಳು. ನಡುವಿನ ಚುಕ್ಕೆ ನಿಜವಾಗಿ ಒಂದು ಪುಟ್ಟ ಅಪಧಮನಿ. ಅದನ್ನು ಬೆರಳಿನಿಂದಲೋ ಗಾಜಿನ ತುಂಡಿನಿಂದಲೋ ಒತ್ತಿದರೆ ಕಾಲುಗಳೆಲ್ಲ ಮಾಯ. ಬಿಟ್ಟರೆ ರಕ್ತ ನಡುವಿನಿಂದ ಹೊರಕ್ಕೆ ಹರಿದು ಮತ್ತೆ ಕಾಣಿಸಿಕೊಳ್ಳುತ್ತವೆ. ಇದು ಬರುವುದು ಹೆಚ್ಚಾಗಿ ಮುಖ, ಕತ್ತು, ಎದೆಯ ಮೇಲ್ಭಾಗ ಮತ್ತು ತೋಳುಗಳಲ್ಲಿ. ಆರೋಗ್ಯವಂತ ಮಕ್ಕಳಲ್ಲಿ ಒಂದೆರಡು ಇರಬಹುದು, ಬಸುರಿಯರಲ್ಲಿ ಕಾಣಿಸಿಕೊಂಡು ಹೆರಿಗೆಯ ನಂತರ ಮರೆಯಾಗಬಹುದು. ಆದರೆ ದೊಡ್ಡವರಲ್ಲಿ, ಅದರಲ್ಲೂ ಗಂಡಸರಲ್ಲಿ, ಇವು ಹಲವಾರು ಒಟ್ಟಿಗೆ ಎದ್ದರೆ ವೈದ್ಯರ ಕಣ್ಣು ಲಿವರಿನ ಕಡೆ ಹೋಗುತ್ತದೆ. ಲಿವರ್ ಕೆಟ್ಟಾಗ ಈಸ್ಟ್ರೋಜನ್ ಹಾರ್ಮೋನು ಸರಿಯಾಗಿ ವಿಲೇವಾರಿಯಾಗದೆ ಮೈಯಲ್ಲಿ ಉಳಿಯುತ್ತದೆ. ಈ ಚುಕ್ಕೆಗಳಿಗೂ ಅದಕ್ಕೂ ನಂಟಿದೆ. ಹಾಗಾಗಿ ವರದಿಯಲ್ಲಿ ಈ ಪದ ಕಂಡರೆ ‘ಯಾವುದೋ ಹುಳ ಕಡಿದಿದೆ’ ಎಂದು ಮುಲಾಮು ಹಚ್ಚಿ ಸುಮ್ಮನಾಗುವಂತಿಲ್ಲ.

ಇದಕ್ಕೂ ‘ಸ್ಪೈಡರ್ ವೇನ್ಸ್’ಗೂ ಗೊಂದಲ ಬೇಡ. ಅವು ಕಾಲಿನ ಮೇಲೆ ನೀಲಿ ಅಥವಾ ಕೆಂಪಾಗಿ ಕವಲೊಡೆಯುವ ಸಣ್ಣ ಸಣ್ಣ ನಾಳಗಳು, ಒಂದು ಮಿಲಿಮೀಟರಿಗಿಂತ ತೆಳು. ಸಾಮಾನ್ಯವಾಗಿ ಇವು ನೋಟದ ಚಿಂತೆಯೇ ಹೊರತು ಜೀವದ ಚಿಂತೆಯಲ್ಲ. ಹೆಸರು ಹತ್ತಿರ, ಅರ್ಥ ದೂರ. ಎರಡನ್ನೂ ‘ಜೇಡ ರಕ್ತನಾಳ’ ಎಂದು ಅನುವಾದಿಸಿದರೆ ಈ ದೂರವೇ ಅಳಿಸಿಹೋಗುತ್ತದೆ.

ಮುಂದೆ ಬೆರಳುಗಳು. 1896ರಲ್ಲಿ ಫ್ರಾನ್ಸಿನ ಮಕ್ಕಳ ವೈದ್ಯ ಆಂಟ್ವಾನ್ ಮಾರ್ಫಾನ್ ಐದು ವರ್ಷದ ಹುಡುಗಿಯೊಬ್ಬಳ ಅಸಾಧಾರಣವಾಗಿ ನೀಳವಾದ, ಸಪೂರವಾದ ಕೈಕಾಲುಗಳ ಬಗ್ಗೆ ಬರೆದರು. 1902ರಲ್ಲಿ ಅಶಾರ್ ಎಂಬ ಇನ್ನೊಬ್ಬ ಫ್ರೆಂಚ್ ವೈದ್ಯರು ಇಂಥ ಬೆರಳುಗಳಿಗೆ ‘ಅರಾಕ್ನೊಡ್ಯಾಕ್ಟಿಲಿ’ ಎಂಬ ಹೆಸರು ಬಳಸಿದರು. ಬಿಡಿಸಿ ಹೇಳಿದರೆ ಜೇಡ ಬೆರಳು. ಹೆಬ್ಬೆರಳನ್ನು ಅಂಗೈಗೆ ಮಡಿಚಿ ಮುಷ್ಟಿ ಕಟ್ಟಿದರೆ ಉಗುರು ಆಚೆ ಬದಿಯಿಂದ ಇಣುಕುವಷ್ಟು ಉದ್ದ. ಇಂದು ಮಾರ್ಫಾನ್ ಸಿಂಡ್ರೋಮ್ ಎಂದು ಕರೆಯುವ ಈ ಸ್ಥಿತಿಗೆ ಕಾರಣವಾದ, ಫೈಬ್ರಿಲಿನ್ ಎಂಬ ಪ್ರೋಟೀನಿನ ಜೀನ್ ದೋಷ ಗೊತ್ತಾದದ್ದು 1991ರಲ್ಲಿ. ಸುಮಾರು 5,000 ಮಂದಿಯಲ್ಲಿ ಒಬ್ಬರಿಗೆ ಇದಿರುತ್ತದೆ.

ಇಲ್ಲಿ ನಿಜವಾದ ಅಪಾಯ ಇರುವುದು ಬೆರಳಿನಲ್ಲಲ್ಲ, ಹೃದಯದಿಂದ ಹೊರಡುವ ಮಹಾಪಧಮನಿಯಲ್ಲಿ. ಅದರ ಗೋಡೆ ಸಡಿಲವಾಗಿ ಹಿಗ್ಗಿ ಒಂದು ದಿನ ಸೀಳಬಹುದು. ಅಮೆರಿಕದ ವಾಲಿಬಾಲ್ ತಾರೆ ಫ್ಲೋ ಹೈಮನ್ ಆರಡಿ ಐದಂಗುಲ ಎತ್ತರದ ಆಟಗಾರ್ತಿ, 1984ರ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದ ತಂಡದಲ್ಲಿದ್ದವರು. 1986ರಲ್ಲಿ ಜಪಾನಿನಲ್ಲಿ ಪಂದ್ಯದ ನಡುವೆಯೇ ಕುಸಿದು ತೀರಿಕೊಂಡರು. ಆಗ ಅವರಿಗೆ 31 ವರ್ಷ. ಮಾರ್ಫಾನ್ ಇತ್ತೆಂದು ತಿಳಿದದ್ದು ಸಾವಿನ ನಂತರ. ಮುಂಚೆಯೇ ಗೊತ್ತಾದವರು ಇಂದು ಕಾಲಕಾಲಕ್ಕೆ ಸ್ಕ್ಯಾನ್ ಮಾಡಿಸಿಕೊಂಡು, ಔಷಧ ತೆಗೆದುಕೊಂಡು, ಬೇಕಾದಾಗ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ದೀರ್ಘಕಾಲ ಬಾಳುತ್ತಾರೆ. ಉದ್ದ ಬೆರಳಿನವರೆಲ್ಲ ಹೆದರಬೇಕಿಲ್ಲ. ಆದರೆ ಮನೆತನದಲ್ಲಿ ಎತ್ತರ, ನೀಳ ಬೆರಳು, ಕಣ್ಣಿನ ಮಸೂರ ಜಾರುವುದು, ಹಠಾತ್ ಸಾವು ಇವು ಜೊತೆಜೊತೆಗೆ ಬಂದಿದ್ದರೆ ವೈದ್ಯರಿಗೆ ಹೇಳುವುದು ಒಳ್ಳೆಯದು.

ಹೃದಯದ ಮಾತು ಬಂತಲ್ಲ, ಆಂಜಿಯೋಗ್ರಾಮಿನ ಕೋಣೆಯಲ್ಲಿ ‘ಸ್ಪೈಡರ್ ವ್ಯೂ’ ಎಂದರೆ ಕ್ಯಾಮೆರಾವನ್ನು ಎಡಕ್ಕೂ ಕೆಳಕ್ಕೂ ವಾಲಿಸಿ ತೆಗೆದ ಚಿತ್ರ. ಎಡಭಾಗದ ಮುಖ್ಯ ನಾಳ ಕವಲೊಡೆಯುವ ಜಾಗ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಕವಲುಗಳೆಲ್ಲ ಸೇರಿ ಥೇಟ್ ಜೇಡನಂತೆ ತೋರುತ್ತವೆ. ಇದು ರೋಗದ ಹೆಸರಲ್ಲ, ನೋಡುವ ದಿಕ್ಕಿನ ಹೆಸರು.

ಬಲೆಯನ್ನು ಕಂಡ ವೈದ್ಯರು

ಮಿದುಳಿಗೂ ಬೆನ್ನುಹುರಿಗೂ ಮೂರು ಪದರದ ಹೊದಿಕೆಯಿದೆ. ಹೊರಗಿನದು ಗಟ್ಟಿ, ಒಳಗಿನದು ಮಿದುಳಿಗೆ ಅಂಟಿಕೊಂಡ ಬಲು ತೆಳು ಪೊರೆ. ಲ್ಯಾಟಿನ್ನಿನಲ್ಲಿ ಇವಕ್ಕೆ ‘ಗಟ್ಟಿ ತಾಯಿ’, ‘ಕೋಮಲ ತಾಯಿ’ ಎಂಬ ಅರ್ಥದ ಹೆಸರುಗಳಿವೆ. ಈ ‘ತಾಯಿ’ ಅರಬ್ಬಿ ವೈದ್ಯಗ್ರಂಥಗಳ ಅನುವಾದದಿಂದ ಬಂದವಳು. ಈ ಇಬ್ಬರು ತಾಯಂದಿರ ನಡುವೆ ಇರುವುದು ಜೇಡರಬಲೆಯಂಥ ಎಳೆಗಳ ಪೊರೆ. ಅದೇ ಅರಾಕ್ನಾಯ್ಡ್. ಅದರ ಕೆಳಗಿನ ಜಾಗದಲ್ಲಿ ತಿಳಿನೀರಿನಂಥ ದ್ರವ ಹರಿಯುತ್ತದೆ. 1898ರಲ್ಲಿ ಜರ್ಮನಿಯ ಆಗಸ್ಟ್ ಬಿಯರ್ ಬೆನ್ನಿನಲ್ಲಿ ಸೂಜಿ ಚುಚ್ಚಿ ಕೊಕೇನ್ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿದ್ದು ಈ ಜಾಗಕ್ಕೇ. ಇಂದು ಸಿಸೇರಿಯನ್ ಹೆರಿಗೆಗೆ ಕೊಡುವ ‘ಸ್ಪೈನಲ್’ ಅರಿವಳಿಕೆಯ ಮೂಲ ಅದು. ‘ಎಪಿಡ್ಯೂರಲ್’ನಲ್ಲಿ ಔಷಧ ಗಟ್ಟಿ ಪೊರೆಯ ಹೊರಗೇ ಉಳಿಯುತ್ತದೆ, ‘ಸ್ಪೈನಲ್’ನಲ್ಲಿ ಜೇಡರಬಲೆಯನ್ನೂ ದಾಟುತ್ತದೆ.

ಈ ಲೇಖನದಲ್ಲಿ ನೆನಪಿಡಲೇಬೇಕಾದ ಒಂದು ಮಾತಿದ್ದರೆ ಅದು ಇದು. ‘ಸಬ್‌ಅರಾಕ್ನಾಯ್ಡ್ ಹೆಮರೇಜ್’ ಎಂದರೆ ಈ ಬಲೆಪೊರೆಯ ಕೆಳಗೆ ಆಗುವ ರಕ್ತಸ್ರಾವ. ತಲೆಗೆ ಪೆಟ್ಟು ಬೀಳದೆ ಹೀಗಾಗಿದ್ದರೆ, ಬಹುಪಾಲು ಮಿದುಳಿನ ಅಪಧಮನಿಯೊಂದರಲ್ಲಿ ಎದ್ದಿದ್ದ ಗುಳ್ಳೆ ಒಡೆದಿರುತ್ತದೆ. ಸಿಡಿಲು ಬಡಿದಂತೆ ತಲೆನೋವು ಒಮ್ಮೆಗೇ ಶುರುವಾಗಿ, ನಿಮಿಷದೊಳಗೆ ತುತ್ತತುದಿಗೆ ಏರುತ್ತದೆ. ‘ಜನ್ಮದಲ್ಲಿ ಇಂಥ ತಲೆನೋವು ಬಂದಿರಲಿಲ್ಲ’ ಎಂದು ರೋಗಿಯೇ ಹೇಳುತ್ತಾರೆ. ವಾಂತಿ, ಕತ್ತು ಸೆಟೆದುಕೊಳ್ಳುವುದು, ಪ್ರಜ್ಞೆ ತಪ್ಪುವುದು ಜೊತೆಗಿರಬಹುದು. ಊರಿನಿಂದ ಫೋನಿನಲ್ಲಿ ಇಂಥ ವರ್ಣನೆ ಕೇಳಿಬಂದರೆ ‘ಪಿತ್ತ ಏರಿರಬೇಕು, ಶುಂಠಿ ಕಷಾಯ ಕುಡಿದು ಮಲಗಿ’ ಎನ್ನಬಾರದು. ಅಮೆರಿಕದಲ್ಲಾದರೆ 911, ನಮ್ಮೂರಲ್ಲಾದರೆ 108. ಸಿಟಿ ಸ್ಕ್ಯಾನ್ ಬೇಗ ಆದಷ್ಟೂ ರಕ್ತಸ್ರಾವ ನಿಚ್ಚಳವಾಗಿ ಕಾಣುತ್ತದೆ.

ಬಲೆಯ ಇನ್ನೊಂದು ಹೋಲಿಕೆ ಭಾರತದ ವೈದ್ಯ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಕ್ಷಯರೋಗ ಮಿದುಳಿನ ಪೊರೆಗೆ ತಗುಲಿದಾಗ, ಬೆನ್ನಿನಿಂದ ತೆಗೆದ ದ್ರವವನ್ನು ಗಾಜಿನ ನಳಿಕೆಯಲ್ಲಿ ಕೆಲ ಗಂಟೆ ಅಲುಗಿಸದೆ ಇಟ್ಟರೆ ಅದರೊಳಗೆ ಜೇಡರಬಲೆಯಂಥ ಸೂಕ್ಷ್ಮ ಹೆಪ್ಪು ಮೂಡುತ್ತದೆ. ದುಬಾರಿ ಯಂತ್ರಗಳಿಲ್ಲದ ಕಾಲದಲ್ಲಿ ಕಿಟಕಿಯ ಬೆಳಕಿಗೆ ನಳಿಕೆ ಹಿಡಿದು ಹುಡುಕುತ್ತಿದ್ದ ಸುಳಿವು ಅದು.

ನಿಜವಾದ ಜೇಡ ಕಚ್ಚಿದಾಗ

ಇನ್ನು ಹೋಲಿಕೆಯಲ್ಲದ, ಸಾಕ್ಷಾತ್ ಜೇಡ. ಸುಶ್ರುತ ಸಂಹಿತೆಯ ಕಲ್ಪಸ್ಥಾನದಲ್ಲಿ ಲೂತಗಳ ವಿವರವಿದೆ. ವಿಶ್ವಾಮಿತ್ರನ ಮೇಲೆ ಸಿಟ್ಟಾದ ವಸಿಷ್ಠರ ಹಣೆಯ ಬೆವರ ಹನಿಗಳು ಹಸುವಿಗೆಂದು ಕೊಯ್ದಿಟ್ಟ ಹುಲ್ಲಿನ ಮೇಲೆ ಬಿದ್ದು ಜೇಡಗಳಾದವಂತೆ. ಕೊಯ್ದದ್ದು ‘ಲೂನ’, ಅದರಿಂದ ‘ಲೂತ’. ಒಟ್ಟು 16 ಬಗೆ: ಎಂಟರ ವಿಷ ಕಷ್ಟಪಟ್ಟರೆ ವಾಸಿ, ಇನ್ನೆಂಟರದು ಅಸಾಧ್ಯ.

ಈ ಭಯ ಇವತ್ತಿಗೂ ಹೋಗಿಲ್ಲ. ಅಮೆರಿಕದಲ್ಲಿ ಚರ್ಮದ ಮೇಲೆ ಎದ್ದ ಎಷ್ಟೋ ಹುಣ್ಣುಗಳಿಗೆ ‘ಬ್ರೌನ್ ರೆಕ್ಲೂಸ್’ ಜೇಡನ ಮೇಲೆ ಆರೋಪ ಬರುತ್ತದೆ, ಆ ಜೇಡ ನೆಲೆಸಿಯೇ ಇಲ್ಲದ ಕ್ಯಾಲಿಫೋರ್ನಿಯಾದಲ್ಲೂ! ಪರೀಕ್ಷಿಸಿದರೆ ಹಲವೊಮ್ಮೆ ಸಿಗುವುದು ಸಾಮಾನ್ಯ ಔಷಧಕ್ಕೆ ಬಗ್ಗದ ಸ್ಟಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾ. ಅದಕ್ಕೆ ಬೇಕಾದ ಚಿಕಿತ್ಸೆಯೇ ಬೇರೆ. 2002ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಕಾನ್ಸಾಸಿನ ಒಂದು ಮನೆಯಲ್ಲಿ ಆರು ತಿಂಗಳಲ್ಲಿ 2,055 ಬ್ರೌನ್ ರೆಕ್ಲೂಸ್ ಜೇಡಗಳು ಸಿಕ್ಕವು. ಆ ಮನೆಯವರಲ್ಲಿ ಕಚ್ಚಿಸಿಕೊಂಡವರು ಒಬ್ಬರೂ ಇರಲಿಲ್ಲ. ಅಪಾಯವೇ ಇಲ್ಲವೆಂದಲ್ಲ. ಸಿಡ್ನಿಯ ಓದುಗರಿಗೆ ‘ಫನೆಲ್ ವೆಬ್’ ಜೇಡನ ಪರಿಚಯ ಚೆನ್ನಾಗಿಯೇ ಇದೆ. ಅದಕ್ಕೆ 1981ರಿಂದ ಪ್ರತಿವಿಷ ಸಿಗುತ್ತದೆ.

ಗ್ಯಾರೇಜು, ಗಗನ, ಅಡಿಗೆಮನೆ

ಯಂತ್ರಗಳವರು ಕಂಡದ್ದು ಹೆಚ್ಚಾಗಿ ಕಾಲುಗಳನ್ನು. ಲಾರಿಯ ಯೂನಿವರ್ಸಲ್ ಜಾಯಿಂಟಿನ ನಡುವಿರುವ ನಾಲ್ಕು ತೋಳಿನ ತುಂಡು ಇಂಗ್ಲಿಷ್ ಪುಸ್ತಕದಲ್ಲಿ ‘ಸ್ಪೈಡರ್’, ನಮ್ಮೂರ ಮೆಕ್ಯಾನಿಕ್ ಬಾಯಲ್ಲಿ ‘ಕ್ರಾಸ್’. ಅವನಿಗೆ ಅದರಲ್ಲಿ ಜೇಡ ಕಾಣಲಿಲ್ಲ, ಕೂಡುದಾರಿ ಕಂಡಿತು. ಧ್ವನಿವರ್ಧಕದ ಕೋನಿನ ಹಿಂದೆ ಸುರುಳಿಯನ್ನು ನಡುಮಧ್ಯಕ್ಕೆ ಹಿಡಿದಿಡುವ ಬಿಲ್ಲೆಯೂ ಸ್ಪೈಡರೇ. ಮೊದಮೊದಲು ಅದಕ್ಕೆ ಕಾಲಿನಂತೆ ಕತ್ತರಿಸಿದ ಪಟ್ಟಿಗಳಿದ್ದವು. ಈಗ ಇರುವುದು ನೆರಿಗೆಯ ಬಟ್ಟೆಯ ಬಿಲ್ಲೆ. ಕಾಲು ಹೋಯಿತು, ಹೆಸರು ಉಳಿಯಿತು.

ದೂರದರ್ಶಕದಲ್ಲಿ ಎರಡನೆಯ ಪುಟ್ಟ ಕನ್ನಡಿಯನ್ನು ಕೊಳವೆಯ ನಡುವೆ ಹಿಡಿಯುವ ತೆಳು ಕಂಬಿಗಳೂ ಸ್ಪೈಡರ್. ನಕ್ಷತ್ರದ ಬೆಳಕು ಈ ಕಂಬಿಗಳ ಅಂಚಿನಲ್ಲಿ ಬಾಗಿ ಚಿತ್ರದಲ್ಲಿ ಮುಳ್ಳುಗಳಂತೆ ಮೂಡುತ್ತದೆ. ನಾಲ್ಕು ಕಂಬಿಗಳಿದ್ದರೆ ನಾಲ್ಕು ಮುಳ್ಳು, ಹಬಲ್‌ನ ಚಿತ್ರಗಳಲ್ಲಿರುವಂತೆ. ಮೂರು ಕಂಬಿಗಳಿದ್ದರೆ ಆರು. 2022ರಿಂದ ಬರುತ್ತಿರುವ ಜೇಮ್ಸ್ ವೆಬ್ ಚಿತ್ರಗಳಲ್ಲಿ ಎಂಟು. ಆರಂಚಿನ ಕನ್ನಡಿಗಳದೂ ಮೂರು ಕಂಬಿಗಳದೂ ಸೇರಿದ ಲೆಕ್ಕ ಅದು. ಹಿಂದಿನ ದೂರದರ್ಶಕಗಳಲ್ಲಿ, ಭೂಮಾಪನದ ಉಪಕರಣಗಳಲ್ಲಿ ಗುರಿಗೆರೆಗೆ ನಿಜವಾದ ಜೇಡನ ನೂಲನ್ನೇ ಕಟ್ಟುತ್ತಿದ್ದರು. ಅಷ್ಟು ತೆಳ್ಳಗೆ, ಅಷ್ಟು ಗಟ್ಟಿಯಾಗಿ ಬೇರೆ ಯಾವ ದಾರ ಸಿಗಬೇಕು!

ಅಡಿಗೆಮನೆಯಲ್ಲಂತೂ ನಮ್ಮ ಪ್ರಶ್ನೆಗೆ ಎರಡು ಉತ್ತರಗಳು ಅಕ್ಕಪಕ್ಕದಲ್ಲೇ ನೇತಾಡುತ್ತವೆ. ಹಳೆಯ ಅಮೆರಿಕದಲ್ಲಿ ಕೆಂಡದ ಮೇಲಿಡುವ ಕಾಲುಳ್ಳ ಕಬ್ಬಿಣದ ಬಾಣಲೆ ‘ಸ್ಪೈಡರ್’. ಇಂದಿನ ಅಂಗಡಿಯಲ್ಲಿ ‘ಸ್ಪೈಡರ್’ ಕೇಳಿದರೆ, ಎಣ್ಣೆಯಿಂದ ಬೋಂಡ ಎತ್ತುವ ತಂತಿಯ ಜಾಲರಿ ಸೌಟು ಕೊಡುತ್ತಾರೆ. ಮೊದಲನೆಯವರು ಕಾಲು ಕಂಡರು, ಎರಡನೆಯವರು ಬಲೆ ಕಂಡರು.

ಅಂತರಜಾಲದ ಜೇಡ

ಕೊನೆಯದು ನಮ್ಮ ಬಳಗಕ್ಕೆ ತೀರ ಹತ್ತಿರದ್ದು. ಹುಡುಕು ಯಂತ್ರಗಳು ಪುಟದಿಂದ ಪುಟಕ್ಕೆ ಕೊಂಡಿ ಹಿಡಿದು ಸಾಗಿ, ಕಂಡದ್ದನ್ನೆಲ್ಲ ಸೂಚಿಯಲ್ಲಿ ಬರೆದಿಡುವ ಪ್ರೋಗ್ರಾಮಿಗೆ ‘ಸ್ಪೈಡರ್’ ಅಥವಾ ‘ಕ್ರಾಲರ್’ ಎನ್ನುತ್ತಾರೆ. ಇಲ್ಲಿ ಹೆಸರಿಟ್ಟವರು ಕಂಡದ್ದು ನಡೆಯನ್ನು. ತಮಾಷೆ ಎಂದರೆ, ಈ ಜೇಡ ತಾನು ಬಲೆ ನೇಯುವುದಿಲ್ಲ, ನಾವು ನೇಯ್ದ ಬಲೆಯ ಮೇಲೆ ಓಡಾಡುತ್ತದೆ. ಹಾಗೆ ನೋಡಿದರೆ ಅದು ಎಲ್ಲಿಗೂ ಹೋಗುವುದೂ ಇಲ್ಲ; ಕೂತಲ್ಲೇ ಕೂತು ಪುಟಗಳನ್ನು ತರಿಸಿಕೊಳ್ಳುತ್ತದೆ. 1994ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಲೈಕೋಸ್’ ತನ್ನ ಹೆಸರನ್ನು ತೋಳಜೇಡಗಳ ಕುಟುಂಬದಿಂದ ತೆಗೆದುಕೊಂಡಿತು. ಈ ಜೇಡಗಳು ಬಲೆಯಲ್ಲಿ ಕಾಯುತ್ತ ಕೂರದೆ ಓಡಿ ಬೇಟೆ ಹಿಡಿಯುತ್ತವೆ. ಅದೇ ವರ್ಷ, ‘ಈ ಕೋಣೆಗೆ ಬರಬೇಡ’ ಎಂದು ಜೇಡಗಳಿಗೆ ಬಾಗಿಲಲ್ಲೇ ಚೀಟಿ ಅಂಟಿಸುವ ‘ರೋಬೋಟ್ಸ್’ ಕಡತದ ಪದ್ಧತಿಯನ್ನು ಮಾರ್ಟಿನ್ ಕೋಸ್ಟರ್ ಸೂಚಿಸಿದರು.

ಈ ಜೇಡನಿಗೆ ಕಣ್ಣಿಲ್ಲ, ಬರೀ ಸಂಕೇತಗಳು ಗೊತ್ತು. ಇದರ ಏಟು ಕನ್ನಡಕ್ಕೆ ಬಿದ್ದಿದೆ. ಹಳೆಯ ಕನ್ನಡ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ನಮ್ಮ ಕಣ್ಣಿಗೆ ಅದು ಚಂದದ ಕನ್ನಡ, ಜೇಡನ ಪಾಲಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತ ಜಾಗ 1991ರಲ್ಲೇ ಸಿಕ್ಕಿತ್ತು, ಆದರೂ ಬಳಕೆ ವ್ಯಾಪಕವಾಗಲು ಹಲವು ವರ್ಷಗಳು ಹಿಡಿದವು. ಆ ನಡುವಿನ ಅವಧಿಯಲ್ಲಿ ಹೊರನಾಡ ಕನ್ನಡಿಗರು ಬರೆದ ಕತೆ, ಕವನ, ಪ್ರಬಂಧಗಳಲ್ಲಿ ಹಳೆ ಫಾಂಟಿನಲ್ಲೇ ಉಳಿದವು ಇಂದು ಹುಡುಕಿದರೆ ಸಿಗುವುದಿಲ್ಲ. ಬರೆಹ ಇದೆ, ಆದರೆ ಜೇಡನ ಸೂಚಿಯಲ್ಲಿ ಇಲ್ಲ. ಚಿತ್ರವಾಗಿ ಸ್ಕ್ಯಾನ್ ಮಾಡಿಟ್ಟ ಪುಟಗಳ ಗತಿಯೂ ಬಹುಮಟ್ಟಿಗೆ ಅದೇ. ಯೂನಿಕೋಡಿಗೆ ಪರಿವರ್ತಿಸಿದ ಪ್ರತಿಯೊಂದು ಪುಟವೂ ಮೊಮ್ಮಕ್ಕಳ ಕೈಗೆ ಸಿಗಬಹುದಾದ ಪುಟ.

ಹಾಗಾದರೆ ಕನ್ನಡದಲ್ಲಿ ಏನೆನ್ನೋಣ?

ನಮ್ಮ ಭಾಷೆಯಲ್ಲೂ ಇಂಥ ಹೆಸರುಗಳಿಗೆ ಕೊರತೆಯಿಲ್ಲ. ಸರ್ಪಸುತ್ತಿನಲ್ಲಿ ಸರ್ಪವಿಲ್ಲ, ನಾಯಿಕೆಮ್ಮಿನಲ್ಲಿ ನಾಯಿಯಿಲ್ಲ, ಮಂಗನಬಾವಿನಲ್ಲಿ ಮಂಗನಂತೆ ಊದಿದ ಕೆನ್ನೆ ಮಾತ್ರ ಇದೆ. ಆದರೆ ‘ಮಂಗನ ಕಾಯಿಲೆ’ಯಲ್ಲಿ ಮಂಗ ನಿಜವಾಗಿಯೂ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಪತ್ತೆಯಾದ ಜ್ವರ ಅದು. ಹರಡುವುದು ಉಣ್ಣೆಯಿಂದ, ಅಂದರೆ ಜೇಡನ ದೂರದ ನೆಂಟನಿಂದ! ಈ ಎರಡು ‘ಮಂಗ’ಗಳ ವ್ಯತ್ಯಾಸ ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಇಂಗ್ಲಿಷ್ ಬಲ್ಲ ಹೊರಗಿನವರಿಗೆ ಮಾತ್ರ ಹೇಳಬೇಕು. ‘ಸ್ಪೈಡರ್’ ವಿಷಯದಲ್ಲಿ ನಮ್ಮ ಹಿರಿಯರು ಇರುವುದು ಆ ಹೊರಗಿನವರ ಜಾಗದಲ್ಲಿ.

ಆದ್ದರಿಂದ ಪದಕ್ಕೆ ಪದ ಕೊಡುವ ಬದಲು, ಹೆಸರಿಟ್ಟವನು ಕಂಡದ್ದನ್ನು ಹೇಳೋಣ. ‘ನಡುವೆ ಚುಕ್ಕೆ, ಸುತ್ತ ಎಳೆಗಳಿರುವ ಕೆಂಪು ಕಲೆ’ ಎಂದರೆ ಅಮ್ಮ ತಕ್ಷಣ ಕನ್ನಡಿ ನೋಡಿಕೊಳ್ಳುತ್ತಾರೆ. ‘ನೀಳಬೆರಳು’ ಎಂದರೆ ಸಾಕು, ಜೇಡ ಬೇಕಿಲ್ಲ. ಅರಾಕ್ನಾಯ್ಡಿಗೆ ‘ಬಲೆಪೊರೆ’ ಎನ್ನಬಹುದು. ‘ಬಲೆಪೊರೆಯ ಕೆಳಗೆ ರಕ್ತ ಸೋರಿದೆ’ ಎಂದರೆ ವಿಷಯದ ತೂಕ ಫೋನಿನ ಆ ತುದಿಗೂ ತಲುಪುತ್ತದೆ. ಅಂತರಜಾಲದ್ದು ಮಾತ್ರ ‘ಜೇಡ’ ಎಂದೇ ಇರಲಿ. ಬಲೆಯ ಮೇಲೆ ಓಡಾಡುವುದಕ್ಕೆ ಇನ್ನೇನು ಹೆಸರಿಡಲಾದೀತು?

ನಿಮ್ಮ ಕಸುಬಿನಲ್ಲಿ ಇನ್ನೂ ಯಾವ ಯಾವ ಜೇಡಗಳು ಅಡಗಿವೆಯೋ ಬರೆದು ಕಳಿಸಿ. ನಿಮ್ಮ ಕಂಪ್ಯೂಟರಿನ ಮೂಲೆಯಲ್ಲಿ ಹಳೆ ಫಾಂಟಿನ ಬರೆಹಗಳು ಧೂಳು ಹಿಡಿದಿದ್ದರೆ ಅವನ್ನೂ ಕಳಿಸಿ. ಯೂನಿಕೋಡಿಗೆ ತರಲು ಬಳಗದಲ್ಲಿ ಕೈಜೋಡಿಸುವವರಿದ್ದಾರೆ. ಅಷ್ಟಾದರೆ ಮುಂದೊಂದು ದಿನ ಆ ಕಣ್ಣಿಲ್ಲದ ಜೇಡ ನಿಮ್ಮ ಕತೆಯನ್ನೂ ಹುಡುಕಿಕೊಂಡು ಬಂದೀತು.